ಚೀಟಿಯಲ್ಲಿ ತಾಯಿಯ ಹೆಸರು ಮಾತ್ರ

ಬೆಳಗಿನ ಐದೂವರೆ. ಹೆರಿಗೆ ಆಸ್ಪತ್ರೆಯ ನೆಲಮಹಡಿಯ ಪ್ರಯೋಗಾಲಯದಲ್ಲಿ ಲ್ಯಾಬ್ ಅಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದಾರೆ. ಕಥೆಗಳಲ್ಲಿ ರಾಕ್ಷಸನ ಪ್ರಾಣ ಗಿಳಿಯೊಳಗೆ ಅಡಗಿರುತ್ತದೆ. ಇಲ್ಲಿ ಒಂದು ದಿನದ ಕೂಸಿನ ಪ್ರಾಣ ಗಾಜಿನ ಸ್ಲೈಡಿನ ಮೇಲೆ ಬಳಿದ ಒಂದು ಹನಿಯಲ್ಲಿದೆ.

ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಒಂದೂವರೆ ಲಕ್ಷವಾದರೂ ಇರಬೇಕು. ಯಂತ್ರ ಹದಿನೆಂಟು ಸಾವಿರ ಎಂದಿದೆ. "ಮಿಷಿನ್ ಮಾತು ಕೇಳಿದ್ರೆ ಕೆಟ್ವಿ. ಹಿಮ್ಮಡಿ ಹಿಂಡಿ ರಕ್ತ ತೆಗೆದಿದ್ರೆ ಕಣಗಳೆಲ್ಲ ಅಂಟ್ಕೊಂಡ್‌ಬಿಡ್ತವೆ. ಇದು ಗುಂಪನ್ನೇ ಒಂದು ಅಂತ ಎಣಿಸುತ್ತೆ" ಎನ್ನುತ್ತಾ ಅಕ್ಕ ಸ್ಲೈಡು ಸರಿಸುತ್ತಾರೆ. ಗುಂಪಿಲ್ಲ. ಕಡಿಮೆ ಇರುವುದು ನಿಜ.

ಹತ್ತೊಂಬತ್ತು ವರ್ಷದ ಕೆಲಸ, ದಿನಕ್ಕೆ ಮೂವತ್ತು ಕೂಸುಗಳ ಹನಿ, ನೆಟ್ಟಗಾಗದ ಕತ್ತು. ಈಗಲೂ ಗುತ್ತಿಗೆ ನೌಕರಿಯೇ. "ಮೇಲಿನವರಿಗೆ ನಾನೂ ಒಂದು ಮಿಷಿನ್ನೇ. ಕರೆಂಟ್ ಬೇಡ, ಟೀ ಸಾಕು!"

ಕಣ ಯಾಕೆ ಇಳಿಯುತ್ತದೆ? "ಸೋಂಕಿದ್ರೆ ಆಗುತ್ತೆ, ಹುಟ್ಟುವಾಗ ಉಸಿರುಗಟ್ಟಿದ್ರೆ ಆಗುತ್ತೆ, ತಾಯಿಗೆ ಬಿಪಿ ಇದ್ರೂ ಆಗುತ್ತೆ. ಕೂಸು ಗುಂಡುಗುಂಡಾಗಿದ್ದು, ತಾಯಿ ರಕ್ತಾನೂ ಸರಿಯಿದ್ರೆ, ಆಗ ನಂಗೆ ಭಯ." ಅಪ್ಪನಿಂದ ಕೂಸಿನ ಕಣಗಳಿಗೆ ಬಂದ ಗುರುತನ್ನು ಪರರದೆಂದು ಬಗೆದು, ತಾಯಿಯ ದೇಹ ಗರ್ಭದಲ್ಲೇ ಅವನ್ನು ಹೊಡೆದುಹಾಕುವುದುಂಟು. ಮುಂದಿನ ಮಗುವಿಗೆ ಇನ್ನೂ ಜೋರು.

ಎಳೆಗೂಸಿಗೆ ಹೆಸರಿರುವುದಿಲ್ಲ, ಚೀಟಿಯಲ್ಲಿ 'ಇಂಥವಳ ಮಗು' ಎಂದಷ್ಟೇ. ಆ ಹೆಸರು ಹಾಕಿ ಕಂಪ್ಯೂಟರಿನಲ್ಲಿ ಹುಡುಕಿದರೆ ಅದೇ ತಾಯಿಯ ಇನ್ನೊಂದು ಮಗು ಸಿಗುತ್ತದೆ, ಎರಡು ವರ್ಷ ಹಿಂದಿನದು. ಇಪ್ಪತ್ತೆರಡು ಸಾವಿರ. ಅಡಿಯಲ್ಲಿ ಅಕ್ಕನದೇ ಷರಾ: 'ತಂದೆತಾಯಿಯ ರಕ್ತವನ್ನೂ ಪರೀಕ್ಷಿಸಿ.' ಯಾರೂ ಓದಲಿಲ್ಲ. ಸೋಂಕೆಂದು ಔಷಧ ಕೊಟ್ಟರು. ಮೂರನೇ ದಿನ ಮಿದುಳಲ್ಲಿ ರಕ್ತ ಸೋರಿ ಕೂಸು ಹೋಯಿತು.

ಇಂದು ಅಕ್ಕ ಷರಾ ಬರೆಯುವುದಿಲ್ಲ. ಎರಡೂ ವರದಿ ಹಿಡಿದು ಮಕ್ಕಳ ವಾರ್ಡಿಗೇ ಹೋಗುತ್ತಾರೆ.

"ಎಣಿಸೋದು ನಿಮ್ಮ ಕೆಲಸ ಕಣಮ್ಮ, ಕಾರಣ ಹುಡುಕೋದು ನಮ್ದು" ಎನ್ನುತ್ತಾರೆ ಕಿರಿಯ ವೈದ್ಯರು.

"ಹುಡುಕಿ ಸಾರ್. ಅಲ್ಲೀವರೆಗೂ ಇಲ್ಲೇ ನಿಂತಿರ್ತೀನಿ."

ವೈದ್ಯರು ಬೇಸರದಿಂದಲೇ ಹಳೆಯ ವರದಿ ಎತ್ತಿಕೊಳ್ಳುತ್ತಾರೆ. ಓದಿದವರೇ ಎದ್ದು ನಿಲ್ಲುತ್ತಾರೆ. ತಾಯಿಯ ಕಣಗಳಲ್ಲಿ ಆ ಪರಕೀಯ ಗುರುತಿಲ್ಲ. ಹಾಗಾಗಿ ಅವಕ್ಕೆ ಪೆಟ್ಟಿಲ್ಲ. ಅವಳ ರಕ್ತದಿಂದಲೇ ಕಣಗಳನ್ನು ಬೇರ್ಪಡಿಸಿ, ಹೊಡೆದುಹಾಕುವ ಅಂಶ ಹೋಗುವಂತೆ ತೊಳೆದು, ಕೂಸಿಗೆ ಏರಿಸುತ್ತಾರೆ. ಮರುದಿನ ಬೆಳಿಗ್ಗೆ ಎಂಬತ್ತೊಂದು ಸಾವಿರ.

ಬಾಣಂತಿ ಅಕ್ಕನ ಕೈ ಬಿಡುವುದಿಲ್ಲ. "ಅಕ್ಕಾ, ಮೊದಲನೇದಕ್ಕೂ ಇದೇ ಆಗಿತ್ತಾ? ಆಗ ಯಾರಿಗೂ ಗೊತ್ತಾಗ್ಲಿಲ್ವಾ?"

ಅಕ್ಕ ಕೈ ಬಿಡಿಸಿಕೊಂಡು ತಮ್ಮ ಸ್ಟೂಲಿಗೆ ಮರಳುತ್ತಾರೆ. ಕನ್ನಡಕ ಒರೆಸುತ್ತಾರೆ.

"ಬರೆದಿದ್ದೆ ಅಂತ ಹೇಳ್ಬಹುದಿತ್ತು. ಬಾಯಿ ಬರ್ಲಿಲ್ಲ. ಬರೆದೆ, ಕಳಿಸ್ದೆ, ಮುಂದಿನ ಹನಿ ತಗೊಂಡೆ. ಅವತ್ತು ಎದ್ದು ಹೋಗ್ಲಿಲ್ಲ ನಾನು."