ನನ್ನ ಕಂಬಳಿ ಕಸಿದ ಬ್ರೆಜಿಲ್

ಈಗ ಹೇಳುವ ಕತೆ ನಡೆದಾಗ ನನಗೆ ಅರವತ್ತೆಂಟು ವರ್ಷ. ಇದು ಮೂರು ವರ್ಷದ ಹಿಂದಿನ ಮಾತು. ಅದಕ್ಕೂ ಎಷ್ಟೋ ಹಿಂದೆ, ಬ್ರೆಜಿಲ್ ಎಂದರೆ ಒಬ್ಬ ಮನುಷ್ಯ ಎಂದು ನಾನು ತಿಳಿದಿದ್ದೆ. ದೊಡ್ಡ ಹೊಟ್ಟೆಯ, ದೊಡ್ಡ ಮೀಸೆಯ, ನಮ್ಮ ಸಾಹುಕಾರರ ಎಸ್ಟೇಟಿಗಿಂತ ಎರಡು ಪಾಲು ದೊಡ್ಡ ಎಸ್ಟೇಟಿರುವ ಮನುಷ್ಯ. ಸಕಲೇಶಪುರದ ಕಡೆ ಎಲ್ಲೋ ಇರಬೇಕು ಎಂದುಕೊಂಡಿದ್ದೆ.

ಹಾಗೆ ತಿಳಿಯಲು ಕಾರಣವಿತ್ತು. ನಾನು ಹುಟ್ಟಿದ್ದು ಬಾಳೂರಿನ ಕಡೆ. ಮದುವೆಯಾಗಿ ಗೋಣಿಬೀಡಿನ ಹತ್ತಿರದ ಎಸ್ಟೇಟಿನ ಆಳುಗಳ ಲೈನ್ ಮನೆಗೆ ಬಂದವಳು ಇವತ್ತಿಗೂ ಅಲ್ಲೇ ಇದ್ದೇನೆ, ಕಾಫಿ ಹಣ್ಣು ಕೊಯ್ಯುತ್ತಿದ್ದೇನೆ. ಮಳೆ ಹಿಡಿಯುವ ಮೊದಲು ಆಳುಗಳಿಗೆ ಒಂದೊಂದು ಕಂಬಳಿ ಕೊಡುವುದು ನಮ್ಮಲ್ಲಿ ರೂಢಿ. ಕೆಲವು ವರ್ಷ ಕೊಡುತ್ತಿರಲಿಲ್ಲ. ಅಂಥ ವರ್ಷ ನಮ್ಮ ಹಾಜರಿ ಬರೆಯುವ ರೈಟರು ಮುಖ ಸಣ್ಣ ಮಾಡಿಕೊಂಡು, ಬ್ರೆಜಿಲ್‌ನವರು ಸಿಕ್ಕಾಪಟ್ಟೆ ಕಾಫಿ ಬೆಳೆದುಬಿಟ್ಟಿದ್ದಾರೆ, ರೇಟು ಬಿದ್ದಿದೆ, ಅದಕ್ಕೇ ಕಂಬಳಿ ಇಲ್ಲ ಎನ್ನುತ್ತಿದ್ದರು. ನಾನು ಗೋಣಿಚೀಲ ಹೊದ್ದು ಮಳೆಯಲ್ಲಿ ಗೊಬ್ಬರ ಹಾಕುತ್ತ ಆ ಬ್ರೆಜಿಲ್‌ನವನಿಗೆ ಬೈಯುತ್ತಿದ್ದೆ. ಅವನಿಗೆ ಹೊಟ್ಟೆ ಕೆಡಲಿ, ಹಲ್ಲು ಉದುರಲಿ ಎಂದು.

ಒಂದು ವರ್ಷ ಅಲ್ಲಿ ಹಿಮ ಬಿದ್ದು ಕಾಫಿ ಗಿಡವೆಲ್ಲ ಸುಟ್ಟುಹೋಯಿತು ಎಂದು ಸುದ್ದಿ ಬಂತು. ನಮ್ಮ ಸಾಹುಕಾರರ ಕಾಲು ನೆಲದ ಮೇಲಿರಲಿಲ್ಲ. ಕಣದಲ್ಲಿ ಎಲ್ಲರನ್ನೂ ನಿಲ್ಲಿಸಿ ಒಬ್ಬೊಬ್ಬರಿಗೆ ಒಂದೊಂದು ಲಾಡು ಕೊಟ್ಟರು, ಜೊತೆಗೆ ಕಂಬಳಿ. ನಾನು ಲಾಡು ತಿಂದು, ಬೆರಳು ನೆಕ್ಕಿ, ವರ್ಷ ವರ್ಷವೂ ಹೀಗೇ ಆಗಲಿ ದೇವರೇ ಎಂದೆ.

ಆಮೇಲೆ ನನ್ನ ಮಗಳು ಶಾಲೆಗೆ ಹೋಗುವಾಗ ಭೂಪಟ ತೋರಿಸಿ ಅದು ಮನುಷ್ಯನಲ್ಲ, ದೇಶ ಎಂದಳು. ನನ್ನ ಸಿಟ್ಟೇನೂ ಇಳಿಯಲಿಲ್ಲ. ಒಬ್ಬನ ಮೇಲಿದ್ದದ್ದು ಒಂದು ದೇಶದ ಮೇಲೆ ಹರಡಿಕೊಂಡಿತು, ಅಷ್ಟೆ.

ಈಗ ಮೊಮ್ಮಗಳ ವಿಷಯ. ಅವಳ ತಾಯಿ, ಅಂದರೆ ನನ್ನ ಮಗಳು, ಮೂಡಿಗೆರೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ಹುಡುಗಿ ನನ್ನ ಬಾಲ ಹಿಡಿದೇ ಬೆಳೆದವಳು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಕ್ಷರ ಮರೆತುಹೋಗಿತ್ತು, ಮತ್ತೆ ಕೈ ಹಿಡಿದು ತಿದ್ದಿಸಿದ್ದು ಇವಳೇ. ಅವಳು ಹತ್ತನೇ ಕ್ಲಾಸಿನಲ್ಲಿದ್ದಾಗ ಅವಳ ಇಂಗ್ಲಿಷ್ ಟೀಚರ್ ಹೊಸದೊಂದು ಶುರು ಮಾಡಿದರು. ಬೇರೆ ದೇಶದ ಒಂದು ಶಾಲೆಯ ಮಕ್ಕಳ ಜೊತೆ ನಮ್ಮ ಮಕ್ಕಳು ಗುರುವಾರ ಸಂಜೆ ಶಾಲೆಯ ಕಂಪ್ಯೂಟರಿನಲ್ಲಿ, ಉಳಿದ ದಿನ ಮೊಬೈಲಿನಲ್ಲಿ ಮಾತಾಡುವುದು. ಇಲ್ಲಿಯ ಒಬ್ಬರಿಗೆ ಅಲ್ಲಿಯ ಒಬ್ಬರು ಜೊತೆ. ಯಾವ ದೇಶ ಎಂದು ಕೇಳಿದೆ. ಬ್ರೆಜಿಲ್ ಎಂದಳು. ನನ್ನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು.

ಮೊದಲ ದಿನ ಟೀಚರ್ ಒಂದು ಕೆಲಸ ಕೊಟ್ಟರು. ಆ ದೇಶದವರು ಹೇಗಿರುತ್ತಾರೆ ಎಂದು ನಿಮ್ಮ ಮನಸ್ಸಿನಲ್ಲಿ ಇದ್ದದ್ದನ್ನು ಮುಚ್ಚಿಡದೆ ಬರೆಯಿರಿ ಎಂದು. ನಮ್ಮವರು ಬರೆದರು: ಬ್ರೆಜಿಲ್‌ನವರು ಹೊತ್ತು ಮೂಡಿದರೆ ಫುಟ್‌ಬಾಲ್ ಆಡುತ್ತಾರೆ, ಹೊತ್ತು ಮುಳುಗಿದರೆ ಗರಿ ಸಿಕ್ಕಿಸಿಕೊಂಡು ಕುಣಿಯುತ್ತಾರೆ, ಕಾಫಿ ಕೊಯ್ಯುವುದನ್ನೆಲ್ಲ ಮೆಷಿನ್ ನೋಡಿಕೊಳ್ಳುತ್ತದೆ. ಅವರು ಬರೆದರು: ಇಂಡಿಯಾದವರು ಹಾವು ಆಡಿಸುತ್ತಾರೆ, ಮೆಣಸಿನಕಾಯಿಯನ್ನೇ ತಿನ್ನುತ್ತಾರೆ, ಅವರ ರಸ್ತೆಯಲ್ಲಿ ಆನೆ ಓಡಾಡುತ್ತದೆ.

ನಮ್ಮ ಹುಡುಗಿಗೆ ಎಲ್ಲಕ್ಕಿಂತ ಆನೆಯ ಮೇಲೆ ಸಿಟ್ಟು. ನಮ್ಮ ರಸ್ತೆಯಲ್ಲಿ ಬಸ್ಸು, ಜೀಪು ಓಡಾಡುತ್ತವೆ, ನಾವು ಕಾಡುಜನ ಅಲ್ಲ ಎಂದು ತನ್ನ ಜೊತೆಯ ಹುಡುಗಿಗೆ ಖಾರವಾಗಿ ಬರೆದಳು. ಮುಂದಿನ ಗುರುವಾರ ಮೂರು ಆನೆ ಶಾಲೆಯ ರಸ್ತೆಯಲ್ಲೇ ನಿಂತವು. ಬಸ್ಸು ಬರಲಿಲ್ಲ, ಶಾಲೆಗೆ ರಜ. ಯಾಕೆ ಬರಲಿಲ್ಲ ಎಂದು ಆ ಕಡೆಯಿಂದ ಕೇಳಿದರೆ ಇವಳು ಕರೆಂಟು ಹೋಗಿತ್ತು ಎಂದಳು.

ಆನೆ ಬಂದಿತ್ತು ಅಂತ ಹೇಳಬಾರದಾ ಎಂದು ನಾನು ಕೇಳಿದೆ.

“ಹೇಳಿದ್ರೆ ಅವ್ರು ಬರೆದಿದ್ದೇ ಸರಿ ಅಂತಾಗ್ತದೆ ಅಜ್ಜಿ.”

“ಸರಿಯಾಗೇ ಉಂಟಲ್ಲ. ನಿನ್ನ ಮರ್ಯಾದೆ ಉಳಿಸ್ಲಿಕ್ಕೆ ಆನೆ ಬಸ್ಸಲ್ಲಿ ಬರ್ಬೇಕಿತ್ತಾ?”

ಎರಡು ದಿನ ಮುಖ ಊದಿಸಿಕೊಂಡಿದ್ದು, ಕೊನೆಗೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಆ ಹುಡುಗಿ ಅರ್ಧ ಗಳಿಗೆ ನಕ್ಕು ತಾನೂ ಒಂದು ಒಪ್ಪಿಕೊಂಡಳು. ಅದಕ್ಕೂ ಮುಂಚೆ ಒಂದು ಗುರುವಾರ ಜ್ವರ ಎಂದು ಹೇಳಿ ಅವಳು ಬಾರದೆ ಇದ್ದದ್ದು ಜ್ವರದಿಂದ ಅಲ್ಲ. ಊರಿನ ಫುಟ್‌ಬಾಲ್ ಪಂದ್ಯದಲ್ಲಿ ಅವಳೇ ಗೋಲ್‌ಕೀಪರ್. ಆಡುತ್ತೇನೆ ಎಂದರೆ ಇಂಡಿಯಾದವರು ತಾವು ಬರೆದದ್ದೇ ಸರಿ ಎಂದುಕೊಂಡಾರು ಎಂದು ಸುಳ್ಳು ಹೇಳಿದ್ದಳಂತೆ. ಅವತ್ತಿನಿಂದ ಇಬ್ಬರೂ ಬಿಟ್ಟೂಬಿಡದ ಹಾಗೆ ಅಂಟಿಕೊಂಡರು. ನಮ್ಮ ಹುಡುಗಿ ಕ್ಲಾಸಿನಲ್ಲಿ ಯಾರೊಡನೆಯೂ ಸೇರುವವಳಲ್ಲ. ಲೈನಿನಿಂದ ಬರುವವಳು ಎಂದು ಉಳಿದವರು ಒಂದು ಬೆಂಚು ಬಿಟ್ಟು ಕೂರುತ್ತಿದ್ದರು. ಅವಳಿಗೆ ಸಿಕ್ಕ ಮೊದಲ ಗೆಳತಿ ಸಮುದ್ರದ ಆಚೆಯವಳು.

ನಮ್ಮ ಲೈನಿನಲ್ಲಿ ನೆಟ್‌ವರ್ಕ್ ಸಿಗುವುದು ಒಂದೇ ಜಾಗದಲ್ಲಿ, ಕಾಫಿ ಒಣಗಿಸುವ ಕಣದ ಮೂಲೆಯ ನೀರಿನ ಟ್ಯಾಂಕಿನ ಪಕ್ಕ. ನಮಗೆ ದೀಪ ಹಚ್ಚುವ ಹೊತ್ತು ಎಂದರೆ ಅವರಿಗೆ ಬೆಳಗಿನ ತಿಂಡಿಯ ಹೊತ್ತು. ಆನೆ ಭಯಕ್ಕೆ ನಾನೂ ಟಾರ್ಚು ಹಿಡಿದು ಜೊತೆಗೆ ಹೋಗಿ ಕೂರುತ್ತಿದ್ದೆ. ಆನೆ ಬಂದರೆ ನಾನೇನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಕೊನೆಯ ವಾರಕ್ಕೆ ಮುಂಚೆ ಟೀಚರ್ ಇನ್ನೊಂದು ಕೆಲಸ ಕೊಟ್ಟರು. ಮನೆಯ ಹಿರಿಯರೊಬ್ಬರ ಕೈಯಲ್ಲಿ ಮಾತಾಡಿಸಬೇಕು. ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ದಾಟಿಸಬೇಕು. ಏನೂ ಸೇರಿಸಬಾರದು, ಏನೂ ಬಿಡಬಾರದು. ಮೊಮ್ಮಗಳು ನನ್ನನ್ನು ಟ್ಯಾಂಕಿನ ಪಕ್ಕ ಕೂರಿಸಿ ಮೊಬೈಲು ಹಿಡಿದಳು. ಆ ಹುಡುಗಿ ಒಳ್ಳೆಯವಳೇ, ಗುಂಗುರು ಕೂದಲು, ಹಲ್ಲಿಗೆ ತಂತಿ. ಬ್ರೆಜಿಲ್ ಎಂದರೆ ನಿಮಗೆ ಏನು ನೆನಪಾಗುತ್ತದೆ ಎಂದು ಕೇಳಿದಳು. ನಾನು ಕಂಬಳಿಯ ಕತೆ ಹೇಳಿದೆ, ಲಾಡಿನ ಕತೆಯನ್ನೂ ಹೇಳಿದೆ. ನಿಮ್ಮಲ್ಲಿ ಹಿಮ ಬಿದ್ದ ವರ್ಷ ನಮಗೆ ಹಬ್ಬ, ಮತ್ತೆ ಯಾವಾಗ ಬೀಳ್ತದೆ ಎಂದು ನಗುತ್ತ ಕೇಳಿದೆ. ನಮ್ಮ ಹುಡುಗಿಯ ದನಿ ಸಣ್ಣದಾಯಿತು, ಆದರೂ ಏನೂ ಬಿಡದೆ ದಾಟಿಸಿದಳು.

ಆ ಕಡೆಯ ಮುಖ ಬಾಡಿತು. ಅವಳ ಅಜ್ಜನಿಗೆ ಗುಡ್ಡದ ಮೇಲೆ ಸಣ್ಣ ಕಾಫಿ ತೋಟವಿತ್ತಂತೆ. ಅದೇ ಹಿಮದಲ್ಲಿ ಒಂದು ಗಿಡವೂ ಉಳಿಯಲಿಲ್ಲ. ತೋಟ ಹೋಯಿತು, ಅವಳ ಅಜ್ಜಿ ಅಂದಿನಿಂದ ಬೇರೆಯವರ ತೋಟದಲ್ಲಿ ಕೂಲಿ ಕೊಯ್ಯುತ್ತಾಳೆ. ಅಷ್ಟು ಹೇಳಿ ಹುಡುಗಿ ಫೋನು ಇಟ್ಟಳು.

ಮತ್ತೆ ಮಾಡಲಿಲ್ಲ. ಇವಳು ಬರೆದರೆ ಉತ್ತರವಿಲ್ಲ. ಮುಂದಿನ ಗುರುವಾರ ಕೊನೆಯ ದಿನ. ಒಂದೊಂದು ಜೋಡಿಯೂ ಎರಡೂ ಶಾಲೆಯವರ ಮುಂದೆ ಬಂದು ತಾವು ಏನು ತಪ್ಪು ತಿಳಿದಿದ್ದೆವು ಎಂದು ಹೇಳಬೇಕು. ಜೋಡಿ ಇಲ್ಲದಿದ್ದರೆ ಇವಳು ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂರಬೇಕು. ಅದು ಅವಳಿಗೆ ಅಭ್ಯಾಸವಿತ್ತು. ಗೆಳತಿಯನ್ನು ಕಳೆದುಕೊಳ್ಳುವುದು ಅಭ್ಯಾಸವಿರಲಿಲ್ಲ. ನನ್ನ ಕೈಯಡುಗೆ ಬಿಟ್ಟು ಬರೀ ಬನ್ನು ತಿನ್ನತೊಡಗಿದಳು. ಲಾಡಿನ ಮಾತು ನೀನು ಬಿಟ್ಟು ಹೇಳಬಹುದಿತ್ತು ಎಂದೆ. ಬಿಡಬಾರದು ಅಂತ ಟೀಚರ್ ಹೇಳಿದ್ದರು ಎಂದು ಗೋಡೆಯ ಕಡೆ ತಿರುಗಿದಳು.

ಮಂಗಳವಾರ ಸಂಜೆ ಅವಳ ರಟ್ಟೆ ಹಿಡಿದು ಟ್ಯಾಂಕಿನ ಹತ್ತಿರ ಎಳೆದುಕೊಂಡು ಹೋದೆ. ವಿಡಿಯೋ ಹಿಡಿ ಎಂದೆ. ಹಿಡಿದಳು.

“ನೋಡು ಕೂಸೇ,” ಎಂದೆ, “ಲಾಡು ತಿಂದಿದ್ದು ಹೌದು. ರುಚಿಯಾಗೇ ಇತ್ತು. ಅದು ನಿಮ್ಮ ಮನೆ ಗಿಡ ಅಂತ ನಂಗೆ ಗೊತ್ತಿರ್ಲಿಲ್ಲ. ಬೈಯೋದಿದ್ರೆ ನನ್ನ ಬೈಯಿ, ಇವ್ಳನ್ನಲ್ಲ. ನಿಂಗೆ ಬೈಯ್ಲಿಕ್ಕೆ ಬರದಿದ್ರೆ ನಿನ್ನ ಅಜ್ಜಿನ ಕರ್ಕೊಂಡು ಬಾ.”

ಏನೂ ಬಿಡದೆ ಕಳಿಸು ಎಂದೆ.

ಮರುದಿನ ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ತೆರೆದರೆ ಹುಲ್ಲಿನ ಟೋಪಿಯ ಒಬ್ಬಳು ಮುದುಕಿ, ನನ್ನಷ್ಟೇ ಸುಕ್ಕು, ತುಟಿಯಲ್ಲಿ ಬೀಡಿಯಂಥದ್ದು. ನನ್ನ ಬಾಯಿ ತುಂಬ ಎಲೆಅಡಿಕೆ. ಅವಳು ಶುರು ಮಾಡಿದಳು. ಒಂದು ಸಾಲು ಕೊಯ್ದು ಮುಗಿಸುವಷ್ಟು ಹೊತ್ತು ಕೈ ಬೀಸಿ ಬೀಸಿ ಬೈದಳು. ಅದನ್ನೆಲ್ಲ ಅವಳ ಮೊಮ್ಮಗಳು ನಮ್ಮವಳಿಗೆ ಹೇಳಿ, ನಮ್ಮವಳು ನನಗೆ ಹೇಳಿದ್ದು ಇಷ್ಟೇ: ಅವರಿಗೆ ಬೇಜಾರಾಗಿದೆಯಂತೆ. ಏನೂ ಬಿಡಬಾರದು ಅಂದಿದ್ರಲ್ಲ ನಿಮ್ಮ ಟೀಚರು ಎಂದು ನಾನು ತಿವಿದೆ.

ಬೈದು ದಣಿದ ಮೇಲೆ ಆ ಮುದುಕಿ ತನ್ನ ಕತೆ ಹೇಳಿದಳು. ಅವಳು ಕೂಲಿಗೆ ಹೋಗುವ ತೋಟದಲ್ಲಿ ಹಾವಿನ ಕಾಟ. ಕಾಲಿಗೆ ಬೂಟು ಕೊಡಿ ಎಂದು ಕೇಳಿದಾಗಲೆಲ್ಲ ಅಲ್ಲಿನ ಮೇಸ್ತ್ರಿ ಹೇಳುತ್ತಿದ್ದನಂತೆ, ಇಂಡಿಯಾದವರು ಬರಿಗಾಲಲ್ಲಿ, ಒಂದು ಹಿಡಿ ಅನ್ನಕ್ಕೆ ಕೊಯ್ಯುತ್ತಾರೆ, ನಿಮಗೆ ಬೂಟು ಕೊಟ್ಟರೆ ನಾವು ಅವರ ಮುಂದೆ ಉಳಿಯುವುದು ಹೇಗೆ ಎಂದು. ಹಾಗಾಗಿ ಅವಳಿಗೆ ಇಂಡಿಯಾ ಎಂದರೆ ತನ್ನ ಬೂಟು ತಿಂದ ದೇಶ. ನಮ್ಮಲ್ಲಿ ಮಳೆ ಕೈಕೊಟ್ಟಿತು ಎಂದು ಕೇಳಿದ ವರ್ಷ ಅವಳೂ ದೇವರ ಮುಂದೆ ಒಂದು ಮೇಣದಬತ್ತಿ ಹಚ್ಚಿದ್ದಳಂತೆ.

ನಾನು ಮೊಬೈಲು ಕೆಳಗೆ ಹಿಡಿಯಲು ಹೇಳಿ ನನ್ನ ಕಾಲು ತೋರಿಸಿದೆ. ಹವಾಯಿ ಚಪ್ಪಲಿ, ಒಂದರ ಬಾರಿಗೆ ಪಿನ್ನು.

“ನಿನ್ನ ಬೂಟು ನನ್ನ ಹತ್ರ ಇಲ್ಲ ಮಾರಾಯ್ತಿ. ನನ್ನ ಕಂಬಳಿ ನಿನ್ನ ಹತ್ರ ಉಂಟಾ?”

ಎರಡು ಬಾಯಿ ದಾಟಿ ಮಾತು ಅಲ್ಲಿಗೆ ಮುಟ್ಟಿತು. ಮುದುಕಿ ಬೀಡಿ ತೆಗೆದಳು. ಹಿಂದೆ ಮುಂದೆ ತಿರುಗಿ ಮನೆಯೆಲ್ಲ ಹುಡುಕುವವಳ ಹಾಗೆ ನೋಡಿದಳು. ಇಲ್ಲ ಎಂದು ತಲೆ ಆಡಿಸಿದಳು. ಆಮೇಲೆ ನಕ್ಕಳು, ಮುಂದಿನ ಎರಡು ಹಲ್ಲಿರಲಿಲ್ಲ. ಹಲ್ಲು ಉದುರಲಿ ಎಂದು ನಾನು ಹಾಕಿದ ಶಾಪ ಅಲ್ಲಿಗೆ ಹೋಗಿ ತಗುಲಿತೋ ಏನೋ. ಅದನ್ನು ಮಾತ್ರ ದಾಟಿಸಬೇಡ ಎಂದು ಮೊಮ್ಮಗಳಿಗೆ ಕಣ್ಣು ಮಿಟುಕಿಸಿದೆ. ಕಂಬಳಿ, ಬೂಟು ಎರಡೂ ಯಾರ ಬೀರುವಿನಲ್ಲಿವೆ ಎಂದು ಇಬ್ಬರಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಆಮೇಲೆ ನಮ್ಮಿಬ್ಬರ ಜಗಳ ಬೇರೆಯದಕ್ಕೆ ತಿರುಗಿತು. ನಾನು ಕಣದ ಪಕ್ಕದ ಗಿಡದಿಂದ ಒಂದು ರೆಂಬೆ ಬಗ್ಗಿಸಿ, ಹಸಿರು ಕಾಯಿ ಬಿಟ್ಟು ಕೆಂಪು ಹಣ್ಣನ್ನಷ್ಟೇ ಒಂದೊಂದಾಗಿ ಕೊಯ್ದು ತೋರಿಸಿದೆ. ಅವಳು ಕೆನ್ನೆಗೆ ಕೈ ಕೊಟ್ಟು, ಹೀಗೆ ಕೊಯ್ದರೆ ಸುಗ್ಗಿ ಮುಗಿಯುವುದರೊಳಗೆ ಸತ್ತೇಹೋಗುತ್ತೀಯ ಎಂದಳು. ಅವರ ಗಿಡದಲ್ಲಿ ಆಗ ಹಣ್ಣಿರಲಿಲ್ಲ, ಆಗಷ್ಟೇ ಕಾಯಿ ಕಚ್ಚಿತ್ತು. ಹಿತ್ತಲಿನ ಬೇರೆ ಯಾವುದೋ ಗಿಡದ ರೆಂಬೆ ಹಿಡಿದು ಬುಡದಿಂದ ತುದಿಗೆ ಕೈ ಎಳೆದು ಎಲೆಯನ್ನೆಲ್ಲ ಬರಬರ ಉದುರಿಸಿ, ನಾವು ಹೀಗೆ ಎಂದಳು. ನಮ್ಮಲ್ಲಿ ಹಾಗೆ ಕಿತ್ತರೆ ಮೇಸ್ತ್ರಿ ಅಟ್ಟಿಸಿಕೊಂಡು ಬರುತ್ತಾನೆ ಎಂದೆ. ಹುಡುಗಿಯರಿಬ್ಬರೂ ನಮ್ಮ ಮಾತು ದಾಟಿಸುವುದನ್ನು ಬಿಟ್ಟು ತಾವೇ ಏನೋ ಗುಸುಗುಸು ಶುರು ಮಾಡಿಕೊಂಡಿದ್ದರು. ನಾವು ನಮ್ಮ ನಮ್ಮ ಭಾಷೆಯಲ್ಲೇ ಇನ್ನೂ ಸ್ವಲ್ಪ ಹೊತ್ತು ಬೈದಾಡಿಕೊಂಡೆವು.

ಗುರುವಾರ ಸಂಜೆ ಶಾಲೆಯಲ್ಲಿ ಇವಳು ಎಲ್ಲರ ಮುಂದೆ ನಿಂತಳು, ಗೋಡೆಯ ಮೇಲಿನ ಪರದೆಯಲ್ಲಿ ಆ ಗೆಳತಿ. ಆನೆ, ಫುಟ್‌ಬಾಲು, ಕಂಬಳಿ, ಬೂಟು, ಲಾಡು ಎಲ್ಲ ಹೇಳಿದರಂತೆ. ಲಾಡಿಗೆ ಎರಡೂ ಶಾಲೆಯವರು ನಕ್ಕರಂತೆ. ವಾಪಸ್ ಕೂರಲು ಬಂದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಸರಿದು ಜಾಗ ಕೊಟ್ಟಳಂತೆ. ಇವಳು ತನ್ನ ಹಳೆಯ ಜಾಗಕ್ಕೇ ಹೋಗಿ ಕೂತಳಂತೆ. ಒಳ್ಳೆಯದೇ ಮಾಡಿದೆ ಎಂದೆ. ರಾತ್ರಿ ನನ್ನ ಕೈಯಡುಗೆ ಉಂಡಳು.

ಮರುದಿನ ಬೆಳಿಗ್ಗೆ ಹಾಜರಿಗೆ ಹೋದೆ. ರೈಟರು ಮುಖ ಸಣ್ಣ ಮಾಡಿಕೊಂಡು, ಬ್ರೆಜಿಲ್‌ನಲ್ಲಿ ಈಗಾಗಲೇ ರಾಶಿ ರಾಶಿ ಹಣ್ಣಂತೆ, ಮುಂದಿನ ಮಳೆಗೆ ಕಂಬಳಿ ಕಷ್ಟ ಎಂದರು.

“ಮೊನ್ನೆ ನೋಡಿದೆ ರೈಟ್ರೇ,” ಎಂದೆ. “ಅಲ್ಲಿನ್ನೂ ಈಗ ಕಾಯಿ ಕಚ್ಚಿದೆ ಅಷ್ಟೆ. ಬೇಕಾದ್ರೆ ಸಂಜೆ ಟ್ಯಾಂಕಿನ ಹತ್ರ ಬನ್ನಿ, ಮಾತಾಡಿಸ್ತೇನೆ.”

ಅವರು ಹಾಜರಿ ಪುಸ್ತಕದೊಳಗೆ ಏನೋ ಹುಡುಕತೊಡಗಿದರು. ನಾನು ಚೀಲ ಸೊಂಟಕ್ಕೆ ಕಟ್ಟಿಕೊಂಡು ನನ್ನ ಸಾಲಿಗೆ ಹೋದೆ. ಮೇಸ್ತ್ರಿ ಆಚೆ ತಿರುಗಿದಾಗ ಒಂದು ರೆಂಬೆ ಹಿಡಿದು ಬುಡದಿಂದ ತುದಿಗೆ ಕೈ ಎಳೆದೆ. ಕಾಯಿ, ಹಣ್ಣು, ಎಲೆ ಎಲ್ಲ ಬಂತು. ಎಲೆ ಗಿಡದ ಬುಡಕ್ಕೆ ತಳ್ಳಿದೆ, ಹಸಿರು ಕಾಯಿಯನ್ನು ಚೀಲದ ತಳಕ್ಕೆ ಹಾಕಿ ಮೇಲೆ ಕೆಂಪು ಹಣ್ಣು ಕೊಯ್ದು ಮುಚ್ಚಿದೆ.