ಜೇಬಿನಲ್ಲೇ ಉಳಿದ ಅಕ್ಕನ ಅರ್ಜಿ

ಗೋಡೆಯ ಮೇಲೆ ಗೆರೆ ಎಳೆಯುವಾಗ ನನ್ನ ಅಕ್ಕ ಉಸಿರು ಬಿಗಿಹಿಡಿಯುತ್ತಾಳೆ. ಗೆರೆ ಮುಗಿದ ಮೇಲೆ ಬಿಡುತ್ತಾಳೆ. ಚಿಕ್ಕವನಿದ್ದಾಗ ನಾನೂ ಅವಳ ಪಕ್ಕ ಕೂತು ಜೊತೆಯಲ್ಲೇ ಉಸಿರು ಹಿಡಿಯುತ್ತಿದ್ದೆ. ಗೆರೆ ಅರ್ಧಕ್ಕೆ ಬರುವಷ್ಟರಲ್ಲಿ ಸೋತು ಕೆಮ್ಮುತ್ತಿದ್ದೆ. ಅವಳು ಗೋಡೆಯಿಂದ ಕಣ್ಣು ತೆಗೆಯದೆ, "ಹೋಗಾ ಆಚೆ, ಗೋಡೆಗೆ ಎಂಜಲು ಹಾರ್ತದೆ" ಅನ್ನುತ್ತಿದ್ದಳು.

ನಮ್ಮ ಊರು ಸೊರಬ ತಾಲ್ಲೂಕಿನಲ್ಲಿ, ಕುಪ್ಪಗಡ್ಡೆ ದಾರಿಯಲ್ಲಿದೆ. ನಮ್ಮ ಕಡೆ ಹೆಂಗಸರು ಮದುವೆ ಮನೆಯ ಗೋಡೆಗೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಸೀದುಹೋಗುವಂತೆ ಹುರಿದ ಅಕ್ಕಿಯ ಕಪ್ಪು, ಪುಂಡಿನಾರಿನ ಕುಂಚ. ಎಳೆಗಳನ್ನು ಎಣಿಸಿಕೊಂಡು ಬರೆಯಬೇಕು. ಒಂದು ಎಳೆ ತಪ್ಪಿದರೂ ಮೂಲೆಯಲ್ಲಿ ಗೆರೆಗಳು ಕೂಡುವುದಿಲ್ಲ. ಅಕ್ಕ ಇದನ್ನು ಅಮ್ಮನಿಂದ ಕಲಿತಳು. ಶಾಲೆಗೆ ಅವಳು ಹೋದದ್ದೇ ಇಲ್ಲ. ನಾನು ಐದನೇ ಕ್ಲಾಸಿನವರೆಗೆ ಹೋಗಿ ಗಾರೆ ಕೆಲಸಕ್ಕೆ ಸೇರಿದೆ. ಮಣ್ಣಿನ ಗೋಡೆ ಕೆಡವಿ ಸಿಮೆಂಟಿನ ಗೋಡೆ ಎಬ್ಬಿಸುವುದೇ ನನ್ನ ಹೊಟ್ಟೆಪಾಡು. "ನಾನು ಬರೆಯೋಳು, ನೀನು ಕೆಡವೋನು. ಒಂದೇ ಹೊಟ್ಟೇಲಿ ಹೆಂಗೆ ಹುಟ್ಟಿದ್ವೋ" ಅಂತ ಅಕ್ಕ ನಗುತ್ತಾಳೆ.

ನಮ್ಮ ವಾರ್ಡಿನಲ್ಲಿ ಇಬ್ಬರು ಜಗಳ ಮಾಡಿಕೊಂಡು ಮೂರನೆಯವನೊಬ್ಬ ಬೇಕಾದಾಗ ನನ್ನನ್ನು ಪಂಚಾಯ್ತಿ ಮೆಂಬರ್ ಮಾಡಿದರು. ಬಸ್ಸಿನ ಬೋರ್ಡು, ಮದುವೆ ಕಾಗದ ಓದುತ್ತೇನೆ. ಆಫೀಸಿನ ಕಾಗದ ಕೈಗೆ ಬಂದರೆ ಅಕ್ಷರ ಕೂಡಿಸಿಕೊಂಡು ತುಟಿ ಅಲ್ಲಾಡಿಸಬೇಕಾಗುತ್ತದೆ. ಇದು ಯಾರಿಗೂ ಕಾಣಬಾರದೆಂದು, ಓದಿದವನ ಹಾಗೆ ಎರಡು ಕ್ಷಣ ಕಾಗದ ನೋಡಿ ಸಹಿ ಹಾಕುವುದನ್ನು ರೂಢಿ ಮಾಡಿಕೊಂಡೆ.

ಆ ದಿನಗಳಲ್ಲಿ ಅಕ್ಕನ ಹತ್ತಿರ ನಾಲ್ಕು ಜನ ಹುಡುಗಿಯರು ಚಿತ್ತಾರ ಕಲಿಯುತ್ತಿದ್ದರು. ಪಿಯುಸಿ ಮುಗಿಸಿದವರು, ಅರ್ಧಕ್ಕೆ ಬಿಟ್ಟವರು. ಅಡಿಕೆ ಸುಲಿಯುವ ಕಾಲ ಬಂದರೆ ನಾಲ್ವರೂ ಕೂಲಿಗೆ ಹೋಗಿಬಿಡುತ್ತಿದ್ದರು. ತಿಂಗಳುಗಟ್ಟಲೆ ಬಿಟ್ಟು ಬಂದಾಗ ಕೈಯ ಹದ ತಪ್ಪಿರುತ್ತಿತ್ತು. ಅಕ್ಕನಿಗೆ ವಯಸ್ಸಾಗುತ್ತಿತ್ತು. ಈ ನಾಲ್ವರು ಕೈಬಿಟ್ಟರೆ ನಮ್ಮೂರಲ್ಲಿ ಎಳೆ ಎಣಿಸುವವರು ಮತ್ತೆ ಯಾರೂ ಇಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗ್ರಾಮಸಭೆಯ ಹಿಂದಿನ ದಿನ ಅವಳು ಮಡಚಿದ ಕಾಗದ ತಂದುಕೊಟ್ಟಳು.

"ಹುಡುಗೀರು ನಿಲ್ಲೋ ಹಂಗೆ ಏನಾದ್ರೂ ಮಾಡ್ಬೇಕು ತಮ್ಮ. ಎಲ್ಲ ಇದರಲ್ಲಿ ಬರ್ಸಿದೀನಿ. ಓದಿ ಹೇಳು, ಸಾಕು."

"ಆಯ್ತು" ಅಂದು ಅಂಗಿಯ ಜೇಬಿಗೆ ಇಟ್ಟುಕೊಂಡೆ. ಮಾರನೆಯ ದಿನವೂ ಅದು ಜೇಬಿನಲ್ಲೇ ಇತ್ತು.

ಅಕ್ಕ ಅವತ್ತು ಭತ್ತದ ಸಸಿ ನೆಡುವ ನೆಟ್ಟಿ ಕೆಲಸಕ್ಕೆ ಗದ್ದೆಗೆ ಹೋಗಿದ್ದಳು. ಸಭೆಯಲ್ಲಿ ಅಧ್ಯಕ್ಷರು, "ಪಂಚಾಯ್ತಿ ತೆರಿಗೆ ದುಡ್ಡಲ್ಲಿ ಕಲೆಗೆ, ಆಟೋಟಕ್ಕೆ ಅಂತ ಒಂದು ಸಣ್ಣ ಪಾಲು ಇಟ್ಟಿದೀವಿ. ಯಾರದ್ದಾದ್ರೂ ಅರ್ಜಿ ಇದ್ರೆ ಹೇಳಿ" ಅಂದರು. ನಾನು ಎದ್ದು ನಿಂತು ಜೇಬಿಗೆ ಕೈ ಹಾಕಿದೆ. ಮುಂದಿನ ಸಾಲಿನಲ್ಲಿ ನನಗೆ ಐದನೇ ಕ್ಲಾಸಿನಲ್ಲಿ ಪಾಠ ಹೇಳಿದ ಮೇಷ್ಟ್ರು ಕೂತಿದ್ದರು. ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು. ಅವರೆದುರು ಅಕ್ಷರ ಕೂಡಿಸಿಕೊಂಡು ಓದುವುದನ್ನು ನೆನೆಸಿಕೊಂಡು ಕೈ ಜೇಬಿನಲ್ಲೇ ನಿಂತಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು.

"ಏನ್ರೀ ಮೆಂಬರ್ರೇ, ಅಕ್ಕನಿಗೆ ಪಗಾರ ಮಾಡ್ಸಕ್ಕೆ ಎದ್ರಾ?"

ಎಲ್ಲರೂ ನಕ್ಕರು. ನಾನು ಜೇಬಿನಿಂದ ಬರಿಗೈ ತೆಗೆದೆ.

"ನಮ್ಮಕ್ಕ ದುಡ್ಡಿಗೆ ಬರೆಯೋಳಲ್ಲ" ಅಂದೆ, ಬೇಕಾದ್ದಕ್ಕಿಂತ ಜೋರಾಗಿ. "ಇವತ್ತಿನವರೆಗೂ ಒಬ್ಬರ ಮುಂದೆ ಕೈ ಒಡ್ಡಿಲ್ಲ. ಇದು ನಮ್ಮ ಮನೆ ಹೆಣ್ಮಕ್ಕಳಿಗೆ ದೇವರ ಕೆಲಸ. ಇದಕ್ಕೆಲ್ಲ ಪಂಚಾಯ್ತಿ ದುಡ್ಡು ಕೇಳಲ್ಲ ನಾವು."

ಚಪ್ಪಾಳೆ ಬಿತ್ತು. ಅಧ್ಯಕ್ಷರಿಗೆ ಖುಷಿಯಾಯಿತು. "ಮಾತು ಅಂದ್ರೆ ಇದು! ಹಂಗಾದ್ರೆ ನಮ್ಮ ಪಂಚಾಯ್ತಿ ಗೋಡೆಗೂ ಅಕ್ಕನ ಕೈಯಿಂದ ಒಂದು ಬರ್ಸಿಕೊಡಿ."

"ಬರ್ಸೋಣ" ಅಂದು ಕೂತೆ. ಕಲೆಗೆ ಇಟ್ಟಿದ್ದ ಪಾಲು ರಾಜ್ಯೋತ್ಸವಕ್ಕೆ ಹೊರಗಿನಿಂದ ಕರೆಸುವ ಆರ್ಕೆಸ್ಟ್ರಾಕ್ಕೆ ಹೋಯಿತು. ಅದಕ್ಕೆ ನಾನೂ ಕೈ ಎತ್ತಿದೆ. ಮನೆಗೆ ನಡೆದು ಬರುವಾಗ ಎದೆ ಉಬ್ಬಿತ್ತು ಅಂತ ಬರೆಯಲು ಈಗ ನಾಚಿಕೆಯಾಗುತ್ತದೆ. ಆದರೆ ಉಬ್ಬಿತ್ತು.

ಸಂಜೆ ಅಕ್ಕ ಕೇಳಿದಳು. "ಅರ್ಜಿ ಏನಾಯ್ತು?"

"ಮುಂದಿನ ಸಲ ನೋಡ್ತಾರಂತೆ" ಅಂದೆ. ಅದು ಸುಳ್ಳು.

"ನೀನೇನೋ ಹೇಳಿದ್ಯಂತೆ."

ಗದ್ದೆಗೇ ಸುದ್ದಿ ಹೋಗಿತ್ತು. "ನಿನ್ನ ಮರ್ಯಾದೆ ಉಳಿಯೋ ಮಾತೇ ಹೇಳಿದೀನಿ ಅಕ್ಕ."

ಅವಳು ಕಾಲಿನ ಕೆಸರು ತೊಳೆದುಕೊಳ್ಳುತ್ತಿದ್ದಳು. ಇನ್ನೊಂದು ಕಾಲನ್ನೂ ತೊಳೆದಳು. ಆಮೇಲೆ, "ಗೋಡೆ ಯಾವಾಗ ಬರೀಬೇಕಂತೆ?" ಅಂದಳು.

ಹತ್ತು ಜನರೆದುರು ತಮ್ಮ ಕೊಟ್ಟ ಮಾತು ಅಂತ ಅವಳು ಬರೆದಳು. ಮಳೆ ನಿಂತ ಮೇಲೆ ಬಿಸಿಲಿನಲ್ಲಿ ಬೆಂಚಿನ ಮೇಲೆ ನಿಂತು ಬರೆದಳು. ಮೊದಮೊದಲು ಹುಡುಗಿಯರು ಬಣ್ಣದ ಬಟ್ಟಲು ಹಿಡಿದು ಜೊತೆಗಿದ್ದರು. ಅಡಿಕೆ ಸುಲಿತ ಶುರುವಾದ ವಾರ ಇಬ್ಬರು ಬರಲಿಲ್ಲ, ಮುಂದಿನ ವಾರ ನಾಲ್ವರೂ ಇಲ್ಲ. ಒಬ್ಬಳ ತಾಯಿಯನ್ನು ದಾರಿಯಲ್ಲಿ ಕೇಳಿದ್ದಕ್ಕೆ ಅವಳು ತಣ್ಣಗೆ ಹೇಳಿದಳು: "ಇದು ದುಡ್ಡಿಗೆ ಮಾಡೋ ಕೆಲಸ ಅಲ್ಲ ಅಂತ ನೀವೇ ಹೇಳಿದ್ರಲ್ಲ ಮೆಂಬರ್ರೇ. ಹಂಗಾದ್ರೆ ದುಡ್ಡು ಸಿಗೋ ಕೆಲಸಕ್ಕೆ ಹೋಗ್ಲಿ ಬಿಡಿ."

ಆ ಸಲ ಸುಲಿತ ಮುಗಿದ ಮೇಲೂ ಅವರು ಬರಲಿಲ್ಲ. ಒಬ್ಬಳಿಗೆ ಮದುವೆಯಾಯಿತು. ನಾಲ್ವರಲ್ಲಿ ಚೆನ್ನಾಗಿ ಕೈ ಕೂತಿದ್ದವಳು ಶಿಕಾರಿಪುರದಲ್ಲಿ ನೆಂಟರ ಮನೆಯಲ್ಲಿದ್ದುಕೊಂಡು ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದಳು.

ಅವಳು ನನಗೆ ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲೇ ಸಿಕ್ಕಳು. ನಾನು ಅಲ್ಲೊಂದು ಮನೆಯ ಪ್ಲಾಸ್ಟರಿಂಗ್ ಒಪ್ಪಿಕೊಂಡಿದ್ದೆ. ಕೆಲಸ ಮುಗಿಸಿ ಊರಿನ ಬಸ್ಸಿಗೆ ಕಾಯುತ್ತಿದ್ದೆ. ಅವಳ ಕೊರಳಲ್ಲಿ ಕಂಪನಿಯ ಕಾರ್ಡು ನೇತಾಡುತ್ತಿತ್ತು.

"ಮಾವ! ದೊಡ್ಡಮ್ಮ ಹೆಂಗಿದಾರೆ?"

"ಹೆಂಗಿರ್ತಾಳೆ? ನೀವೆಲ್ಲ ಬಿಟ್ಟು ಹೋದ್ರಿ, ಒಬ್ಬಳೇ ಕೂತಿರ್ತಾಳೆ."

ಅವಳ ಮುಖದ ನಗು ಹೋಯಿತು. "ನಾವು ಬಿಟ್ವಾ ಮಾವ? ಅರ್ಜೀಲಿ ಎಲ್ಲ ಬರ್ದಿದ್ನಲ್ಲ."

"ನೀನು ಬರ್ದಿದ್ದಾ?"

"ಮತ್ತೆ? ದೊಡ್ಡಮ್ಮ ಹೇಳಿದ್ರು, ನಾನು ಬರ್ಕೊಂಡೆ. ತನಗೇನೂ ಬೇಡ, ಸುಲಿತದ ಕಾಲದಲ್ಲಿ ಹುಡುಗೀರಿಗೆ ಅರ್ಧ ದಿನದ ಕೂಲಿ ಕೊಡ್ಸಿ, ನಿಂತು ಕಲೀತಾರೆ ಅಂತ. ಮುಂದಿನ ಸಲ ನೋಡ್ತಾರಂತೆ ಅಂತ ದೊಡ್ಡಮ್ಮ ಹೇಳಿದ್ರು. ಅವ್ರು ಕೊಡಲ್ಲ ಅಂದ್ರೆ ನೀವೇನು ಮಾಡಕ್ಕಾಗ್ತದೆ, ಓದಿದ್ರಲ್ಲ, ಅಷ್ಟೇ ಸಾಕು."

ಅವಳು ನನ್ನನ್ನು ಸಮಾಧಾನ ಮಾಡುತ್ತಿದ್ದಳು. "ಬಸ್ ಬಂತು" ಅಂದು ಎದುರಿಗೆ ಬಂದ ಬಸ್ಸು ಹತ್ತಿದೆ. ಅದು ನನ್ನ ಊರಿನ ಬಸ್ಸಾಗಿರಲಿಲ್ಲ. ಎರಡು ಸ್ಟಾಪ್ ಆಚೆ ಇಳಿದು ವಾಪಸ್ ನಡೆದೆ.

ಮನೆಗೆ ಬಂದು ಹುಡುಕಿದಾಗ ಕಾಗದ ಸಿಕ್ಕಿತು. ಜೇಬಿನಿಂದ ತೆಗೆದು ಹಳೆಯ ಮತದಾರರ ಪಟ್ಟಿಯೊಳಗೆ ತುರುಕಿದ್ದೆ. ಒಂದೇ ಪುಟ, ದುಂಡನೆಯ ಅಕ್ಷರ. ಹೆಂಡತಿ ಇಟ್ಟುಹೋದ ಚಹಾ ಆರಿ ಕೆನೆ ಕಟ್ಟುವವರೆಗೆ ಓದಿದೆ. "ನನಗೆ ಏನೂ ಬೇಡ" ಅಂತ ಮೊದಲ ಸಾಲಿನಲ್ಲೇ ಇತ್ತು. ಅಷ್ಟು ಓದಿದ್ದರೂ ಸಾಕಾಗಿತ್ತು.

ಅಕ್ಕನ ಮನೆ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ. ಹೋಗಿ ಹೊಸಿಲ ಮೇಲೆ ಕೂತೆ. ಅವಳು ಅಕ್ಕಿಯ ಕಲ್ಲು ಆರಿಸುತ್ತಿದ್ದಳು.

"ಅಕ್ಕ, ಅವತ್ತು ನಾನು ಅರ್ಜಿ ಓದ್ಲೇ ಇಲ್ಲ."

"ಗೊತ್ತು."

"ಯಾರು ಹೇಳಿದ್ರು?"

"ಓದಿದ್ರೆ ಆ ಮಾತು ಆಡ್ತಿರ್ಲಿಲ್ಲ ನೀನು." ಮೊರವನ್ನು ಒಮ್ಮೆ ಕೇರಿದಳು. "ಓದಕ್ಕೆ ತಡ ಆಗ್ತದೆ ಅಂತ ಒಂದು ಮಾತು ಅಂದಿದ್ರೆ ಆ ಹುಡುಗೀನೇ ಕಳಿಸ್ತಿದ್ದೆ. ನಂಗೆ ಓದಕ್ಕೆ ಬರಲ್ಲ ಅಂತ ಕಂಡೋರಿಗೆಲ್ಲ ಹೇಳ್ಕೊಂಡೇ ಬದುಕಿದೀನಿ, ಏನೂ ನಷ್ಟ ಆಗಿಲ್ಲ. ನಿಂಗೆ ಆ ಐದು ಕ್ಲಾಸು ಅಡ್ಡ ಬಂತು."

ಬೈದಿದ್ದರೆ ಎದ್ದು ಬರಬಹುದಿತ್ತು. ಅವಳು ಬೈಯಲಿಲ್ಲ. ನಾನು ಕೂತೇ ಇದ್ದೆ. ಅಕ್ಕಿ ಮುಗಿದ ಮೇಲೆ ಅವಳು, "ಈ ವರ್ಷದ ಸಭೆ ಇನ್ನೂ ಆಗಿಲ್ಲ ಅಲ್ವಾ?" ಅಂದಳು.

ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಆ ಪುಟ ಓದಿದೆ. ಹೆಂಡತಿಗೆ ಬಾಯಿಪಾಠ ಬಂತು, ನನಗೆ ಬರಲಿಲ್ಲ. ಸಭೆಯಲ್ಲಿ ಅಕ್ಕ ಹೆಂಗಸರ ಕಡೆ ಕಂಬಕ್ಕೆ ಒರಗಿ ಕೂತಿದ್ದಳು. ಮೇಷ್ಟ್ರೂ ಇದ್ದರು. ನಾನು ಕಾಗದ ಬಿಡಿಸಿ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಶುರುಮಾಡಿದೆ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಹಿಂದಿನಿಂದ ಬಂತು:

"ಈ ಬಸ್ಸು ಎಲ್ಲಾ ಸ್ಟಾಪಲ್ಲೂ ನಿಲ್ತದೆ ಕಣ್ರೋ!"

ನಗು. ನನಗೂ ಒಂದು ಕ್ಷಣ ನಗು ಬಂತು, ಯಾಕೆಂದರೆ ಅದು ನಿಜ. "ನಿಲ್ತದೆ. ಅವಸರ ಇದ್ದೋರು ಇಳ್ಕೊಳ್ಳಿ" ಅಂದು ಮುಂದುವರಿಸಿದೆ. 'ಪ್ರೋತ್ಸಾಹಧನ' ಅನ್ನುವಲ್ಲಿ ಸಿಕ್ಕಿಕೊಂಡೆ. ಮೇಷ್ಟ್ರು ಹೇಳಿಕೊಡುತ್ತಾರೆ ಅಂದುಕೊಂಡೆ. ಅವರು ನೆಲ ನೋಡುತ್ತಾ ಕಾದರು. ನಾನೇ ದಾಟಿದೆ.

ಓದಿ ಮುಗಿಸಿ ಕಾಗದವನ್ನು ಮೇಜಿನ ಮೇಲಿಟ್ಟೆ. "ಇದು ಹೋದ ವರ್ಷದ ಅರ್ಜಿ. ಅವತ್ತೂ ನನ್ನ ಜೇಬಲ್ಲಿತ್ತು, ನಾನು ಓದಿರ್ಲಿಲ್ಲ. ಓದದೆ ದೊಡ್ಡ ಮಾತಾಡಿದೆ. ಅಕ್ಕ ದುಡ್ಡಿಗೆ ಬರೆಯಲ್ಲ, ಅದು ಅವಳ ಇಷ್ಟ. ಹುಡುಗೀರಿಗೆ ಕೂಲಿ ಬೇಡ ಅನ್ನೋಕೆ ನಾನ್ಯಾರು? ಆರ್ಕೆಸ್ಟ್ರಾದವರಿಗೆ ಕೊಡುವಾಗ ನಾವ್ಯಾರೂ ದೇವರ ಕೆಲಸ ಅಂತ ಹೇಳ್ಲಿಲ್ಲ."

ಅಧ್ಯಕ್ಷರು ಪಿಡಿಒ ಮುಖ ನೋಡಿದರು, ಪಿಡಿಒ ಪುಸ್ತಕ ನೋಡಿದರು. ಒಂದಿಷ್ಟು ವಾದ ನಡೆಯಿತು. ವಾಲಿಬಾಲ್ ನೆಟ್ ಕೇಳಿದ್ದ ಹುಡುಗರು ಗೊಣಗಿದರು. ಅವರದೂ ಸುಳ್ಳಲ್ಲ. ಕೊನೆಗೆ ಈ ಒಂದು ಸುಲಿತದ ಕಾಲಕ್ಕೆ, ಇಬ್ಬರು ಹುಡುಗಿಯರಿಗೆ ಮಾತ್ರ ಅಂತ ಬರೆದುಕೊಂಡರು. ನಾಲ್ಕು ಕೇಳಿದ್ದಕ್ಕೆ ಎರಡು. ಹೋದ ವರ್ಷವೇ ಓದಿದ್ದರೆ ನಾಲ್ಕೂ ಆಗುತ್ತಿತ್ತೋ ಏನೋ.

ಹಳೆಯ ನಾಲ್ವರಲ್ಲಿ ಊರಲ್ಲೇ ಉಳಿದಿದ್ದ ಇಬ್ಬರು ಬಂದರು. ಶಿಕಾರಿಪುರದವಳಿಗೂ ಫೋನ್ ಮಾಡಿ ಹೇಳಿದೆ. "ಖುಷಿಯಾಯ್ತು ಮಾವ. ಭಾನುವಾರ ಬಿಡುವಾದ್ರೆ ಬರ್ತೀನಿ" ಅಂದಳು. ಇನ್ನೂ ಬಂದಿಲ್ಲ. ಅವಳಿಗೆ ಬಂದಿದ್ದಷ್ಟು ಈ ಇಬ್ಬರಿಗೆ ಬರುವುದಕ್ಕೆ ಇನ್ನೂ ಮೂರು ನಾಲ್ಕು ವರ್ಷ ಬೇಕು ಅಂತ ಅಕ್ಕ ಹೇಳುತ್ತಾಳೆ.

ಪಂಚಾಯ್ತಿ ಗೋಡೆಯ ಚಿತ್ತಾರದ ಕೆಳಭಾಗ ಮಳೆನೀರು ಸಿಡಿದು ಹೋಗಿತ್ತು. ಹುಡುಗಿಯರ ಕೈ ಪಳಗಲು ಅದನ್ನೇ ಮತ್ತೆ ಬರೆಸುವುದು ಅಂತಾಯಿತು. ಹೋದ ವರ್ಷ ಸಿಮೆಂಟಿನ ಮೇಲೇ ಬಳಿದಿದ್ದರು, ಆ ನುಣುಪಿಗೆ ಕೆಮ್ಮಣ್ಣು ಹಿಡಿಯುವುದಿಲ್ಲ. ಗೋಡೆಯನ್ನು ಕೆತ್ತಿ ಒರಟು ಮಾಡಿ ಮಣ್ಣು ಮೆತ್ತಬೇಕು. ಅಕ್ಕ ನನ್ನನ್ನು ಕರೆದಳು. ಅರ್ಧ ದಿನ ಹಿಡಿಯಿತು. ಕರಣೆ ತೊಳೆಯುತ್ತಿದ್ದಾಗ ಕೇಳಿದಳು.

"ನಿನ್ನ ಕೂಲಿ ಎಷ್ಟು?"

"ಅಯ್ಯ, ನಂಗೆಂತಕ್ಕೆ ಅಕ್ಕ..."

ಅವಳು ಕುಂಚ ಕೆಳಗಿಳಿಸಿ ನನ್ನನ್ನು ನೋಡಿದಳು. ಹುಡುಗಿಯರಿಬ್ಬರೂ ಬಣ್ಣದ ಬಟ್ಟಲು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

ಅರ್ಧ ದಿನದ ಕೂಲಿ ಎಷ್ಟೆಂದು ಹೇಳಿದೆ.

"ಹಾಂ. ಕೇಳಿದ್ರೇನ್ರೇ?" ಅಂದಳು ಅಕ್ಕ ಹುಡುಗಿಯರಿಗೆ. ಆಮೇಲೆ ಉಸಿರು ಬಿಗಿಹಿಡಿದು ಗೋಡೆಯ ಕಡೆ ತಿರುಗಿದಳು.