ಔರಾದಿನ ಮೆಟ್ಟಿಲು, ಅಂಗೈಯಲ್ಲಿ ಪುಸ್ತಕ

ಔರಾದಿಗೆ ಬಂದ ಮರುದಿನ ಕಿರಾಣಿ ಅಂಗಡಿಗೆ ಹೋಗಿ ರಾಗಿ ಹಿಟ್ಟು ಇದೆಯಾ ಎಂದು ಕೇಳಿದೆ. ಅಂಗಡಿಯವರು ನನ್ನನ್ನು ಒಂದು ಗಳಿಗೆ ನೋಡಿ ಹಿಂದಿಯಲ್ಲಿ ಉತ್ತರ ಕೊಟ್ಟರು. ನಮ್ಮ ಕೊಳ್ಳೇಗಾಲದ ಕನ್ನಡ ಅವರ ಕಿವಿಗೆ ಬೇರೆ ಯಾವುದೋ ರಾಜ್ಯದ್ದಾಗಿ ಕೇಳಿಸಿತ್ತು. ಸಂತಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಲೆಂದೇ ರಾಜ್ಯದ ಆ ತುದಿಯಿಂದ ಈ ತುದಿಗೆ ಬಂದವಳು ನಾನು. ನಗಬೇಕೋ ಅಳಬೇಕೋ ತಿಳಿಯದೆ ಜೋಳದ ಹಿಟ್ಟು ಕಟ್ಟಿಸಿಕೊಂಡು ಮನೆಗೆ ಬಂದೆ.

ಮನೆ ಎಂದರೆ ಒಂದು ಕೋಣೆ, ಅಡುಗೆಗೆ ಒಂದು ಮೂಲೆ, ಬೀದಿಗೆ ಇಳಿಯಲು ಎರಡು ಮೆಟ್ಟಿಲು. ಪುಸ್ತಕಗಳನ್ನೆಲ್ಲ ಅಣ್ಣನ ಮನೆಯ ಅಟ್ಟಕ್ಕೆ ಹಾಕಿ, ಅಂಗೈಗಿಂತ ತುಸು ದೊಡ್ಡದಾದ ಒಂದು ಟ್ಯಾಬ್ ತಂದಿದ್ದೆ. ಅದರಲ್ಲಿ ಇ-ಪುಸ್ತಕಗಳನ್ನು ತುಂಬಿಕೊಂಡಿದ್ದೆ. ಹೊಸ ಪುಸ್ತಕಗಳೇನೋ ಹೇಳಿದ ಮಾತು ಕೇಳುತ್ತವೆ, ಅಕ್ಷರ ದೊಡ್ಡದಾಗು ಎಂದರೆ ದೊಡ್ಡದಾಗುತ್ತದೆ. ಹಳೆಯ ಪುಸ್ತಕಗಳ ಪುಟಗಳನ್ನು ಫೋಟೊ ತೆಗೆದು ಮಾಡಿದ ಪ್ರತಿಗಳದ್ದೇ ಗೋಳು. ಪುಟ ಹಿಗ್ಗಿಸಿದರೆ ಸಾಲು ಪರದೆಯಾಚೆ ಓಡುತ್ತದೆ, ಬೆರಳಿನಿಂದ ಎಳೆದೆಳೆದು ಓದಬೇಕು. ಆದರೂ ನನಗೆ ಅವೇ ಇಷ್ಟ. ಒಂದರಲ್ಲಿ ಯಾರೋ ಪೆನ್ಸಿಲಿನಿಂದ ಗೆರೆ ಎಳೆದಿದ್ದರು, ಅಂಚಿನಲ್ಲಿ 'ನಿಜ' ಎಂದು ಬರೆದಿದ್ದರು. ಆ ತಿಂಗಳುಗಳಲ್ಲಿ ಶಾಲೆಯ ಹೊರಗೆ ನನ್ನ ಜೊತೆ ಮಾತಾಡಿದ್ದು ಹೆಚ್ಚುಕಡಿಮೆ ಆ ಒಬ್ಬರೇ.

ಕೊಳ್ಳೇಗಾಲದಲ್ಲಿ ನೀವು ಜಗುಲಿಯಲ್ಲಿ ಪುಸ್ತಕ ಹಿಡಿದು ಕೂತರೆ, ಇವಳಿಗೇನೂ ಕೆಲಸವಿಲ್ಲ ಎಂದು ನಾಲ್ಕು ಜನ ಬಂದು ಕೂರುತ್ತಾರೆ. ಏನು ಸಾರು ಎನ್ನುವಲ್ಲಿಂದ ಶುರುವಾಗಿ ಊರೆಲ್ಲ ಸುತ್ತಿ ಬರುತ್ತಾರೆ. ಅಲ್ಲಿ ಅದು ಕಾಟ ಎನಿಸುತ್ತಿತ್ತು. ಇಲ್ಲಿ ಆ ಕಾಟಕ್ಕಾಗಿಯೇ ಶಾಲೆಯ ಬಸ್ಸಿಳಿದ ಮೇಲೆ ಸಂಜೆಸಂಜೆ ಮೆಟ್ಟಿಲ ಮೇಲೆ ಟ್ಯಾಬ್ ಹಿಡಿದು ಕೂರುತ್ತಿದ್ದೆ. ಎದುರಿನ ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ಸೇರುತ್ತಿದ್ದರು. ಕನ್ನಡ, ಮರಾಠಿ ಎರಡನ್ನೂ ಕಲಸಿದ ಮಾತು, ನಗು. ನಾನು ಕೂತೊಡನೆ ಆ ದನಿ ಇಳಿಯುತ್ತಿತ್ತು. ಆಡುವ ಮಕ್ಕಳನ್ನು ಗದರಿಸಿ ಆಚೆ ಕಳಿಸುತ್ತಿದ್ದರು. ನನ್ನ ಮುಂದೆ ಹಾಯುವವರು ತಲೆ ತಗ್ಗಿಸಿ ಬೇಗ ಬೇಗ ಹೋಗುತ್ತಿದ್ದರು. ಪರವೂರಿನವಳು ಇವರಿಗೆ ಬೇಡವಾಗಿದ್ದಾಳೆ ಎಂದುಕೊಂಡೆ. ಬೇರೆ ಮನೆ ನೋಡೋಣವೆಂದರೆ ಬೇರೆ ಓಣಿಯಲ್ಲೂ ಇದೇ ಆದರೆ ಎಂಬ ಹೆದರಿಕೆ. ಪುಸ್ತಕದೊಳಗೆ ಇನ್ನಷ್ಟು ಮುಖ ಹುದುಗಿಸಿದೆ. ತುಟಿಯಾಡಿಸುತ್ತ ಓದುವುದು ನನ್ನ ಚಿಕ್ಕಂದಿನ ಚಾಳಿ, ಕೆಲವೊಮ್ಮೆ ಜೋರಾಗಿ ನಕ್ಕುಬಿಡುತ್ತೇನೆ.

ಒಂದು ಸಂಜೆ ಚಾರ್ಜ್ ಮುಗಿದು ಟ್ಯಾಬ್ ಕಪ್ಪಾಯಿತು. ಒಳಗೆ ಹೋಗಲು ಮನಸ್ಸಾಗದೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತೆ. ಇದಕ್ಕೇ ಕಾದಿದ್ದರೇನೋ ಎಂಬಂತೆ ಎದುರಿನ ಕಟ್ಟೆಯಿಂದ ಸುಗುಣಾಬಾಯಿ ಎದ್ದು ಬಂದರು. ಅವರೇ ಮನೆಯ ಮಾಲಕಿ. ನಿವೃತ್ತ ನರ್ಸ್, ಮೆಥೊಡಿಸ್ಟ್ ಚರ್ಚಿಗೆ ಹೋಗುವವರು, ಓಣಿಗೆಲ್ಲ 'ಸಿಸ್ಟರ್'.

"ಮಾತಾಡೋದು ಮುಗೀತೇನ್ರಿ ಟೀಚರ್? ಮನ್ಯಾಗ ಎಲ್ಲಾರೂ ಆರಾಮ ಅದಾರೇನ್ರಿ?"

ಯಾರ ಜೊತೆ ಮಾತು ಎಂದು ಕೇಳಿದೆ. ಆಗ ಒಂದೊಂದಾಗಿ ತಿಳಿಯಿತು. ಈ ಓಣಿಯಲ್ಲಿ ಒಬ್ಬರ ಗಂಡ ಹೈದರಾಬಾದಿನಲ್ಲಿದ್ದರೆ ಇನ್ನೊಬ್ಬರ ಮಗ ಪುಣೆಯಲ್ಲಿ. ಸಿಸ್ಟರ್ ಅವರ ಮಗಳು ಮಸ್ಕತ್ತಿನಲ್ಲಿ ನರ್ಸ್. ಸಂಜೆ ಯಾರಾದರೂ ಹೊಸ್ತಿಲಲ್ಲಿ ಮುಖದ ಮುಂದೆ ಫೋನು ಹಿಡಿದು ಕೂತರೆಂದರೆ ದೂರದವರ ಮುಖ ನೋಡುತ್ತಿದ್ದಾರೆ ಎಂದರ್ಥ. ಆಗ ದನಿ ಇಳಿಸಬೇಕು, ಮಕ್ಕಳನ್ನು ಸುಮ್ಮನಿರಿಸಬೇಕು, ಅಡ್ಡ ಹೋಗಬಾರದು. ಓಣಿ ತಾನಾಗಿ ಪಾಲಿಸಿಕೊಂಡು ಬಂದ ಮರ್ಯಾದೆ ಅದು. ತಿಂಗಳುಗಟ್ಟಲೆ ಅವರು ನನಗೆ ಕೊಟ್ಟದ್ದು ಆ ಮರ್ಯಾದೆಯನ್ನೇ. ಅದರಲ್ಲೇ ನಾನು ಒಂಟಿಯಾಗಿ ಬೇಯುತ್ತಿದ್ದೆ.

ಟೀಚರ್ ಮನೆಯವರು ಎಷ್ಟು ಪ್ರೀತಿಯವರು, ದಿನವೂ ಇಷ್ಟು ಹೊತ್ತು ಮಾತಾಡುತ್ತಾರೆ ಎಂದು ಓಣಿ ಮೆಚ್ಚಿಕೊಂಡಿತ್ತಂತೆ. ಅದನ್ನು ಹಾಗೇ ಬಿಟ್ಟುಬಿಡಬಹುದಿತ್ತು. ಅಪ್ಪ ಅಮ್ಮ ಇಲ್ಲ, ಅಣ್ಣ ಹಬ್ಬಕ್ಕೊಮ್ಮೆ ಫೋನು ಮಾಡುತ್ತಾನೆ ಎಂದು ಹೇಳಲು ನಾಚಿಕೆಯಾಯಿತು. ಆದರೂ ಹೇಳಿದೆ. ಆ ಕಡೆ ಯಾರೂ ಇಲ್ಲ ಸಿಸ್ಟರ್, ಇದರಲ್ಲಿ ಇರುವುದು ಬರೀ ಪುಸ್ತಕ ಎಂದೆ.

ಅವರು ಕಪ್ಪಾದ ಟ್ಯಾಬನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಮತ್ತ ದಿನಾ ಯಾರ ಕೂಡ ನಗ್ತಿದ್ರಿ?"

ನಾನು ಟ್ಯಾಬನ್ನು ತೊಡೆಯ ಮೇಲೆ ಮಗುಚಿಟ್ಟೆ. ಅವರು ಬೇರೇನೂ ಕೇಳದೆ ನನ್ನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತರು.

ಮರುದಿನದಿಂದ ಓದು ಹಾಳಾಯಿತು. ಪುಟ ತೆರೆದರೆ ಸಾಕು, ಏನು ಬರೆದಿದ್ದಾರೆ ಹೇಳಿರಿ ಎಂದು ಯಾರಾದರೂ ಬರುತ್ತಾರೆ. ಜೋರಾಗಿ ಓದಿದರೆ ನನ್ನ ಕನ್ನಡಕ್ಕೆ ನಗುತ್ತಾರೆ, ಅರ್ಥ ಕೇಳುತ್ತಾರೆ, ಕತೆ ಬಿಟ್ಟು ತಮ್ಮ ಮನೆಯ ಕತೆಗೆ ಹೊರಳುತ್ತಾರೆ. ಅವರೆಲ್ಲ ಎದ್ದು ಹೋದ ಮೇಲೆ ಬಾಗಿಲು ಹಾಕಿಕೊಂಡರೆ ಕೋಣೆ ಮೊದಲಿನದೇ ಕೋಣೆ, ಅದನ್ನೇನೂ ಮುಚ್ಚಿಡುವುದಿಲ್ಲ.

ಬೇಸಿಗೆ ರಜೆಗೆ ಕೊಳ್ಳೇಗಾಲಕ್ಕೆ ಬಂದಿದ್ದೇನೆ. ಅಟ್ಟದಿಂದ ನನ್ನ ಪುಸ್ತಕಗಳನ್ನು ಇಳಿಸಿಕೊಂಡು, ನಿನ್ನೆ ಸಂಜೆ ಅಣ್ಣನ ಜಗುಲಿಯಲ್ಲಿ ಕೂತಿದ್ದೆ. ಟ್ಯಾಬ್ ಸದ್ದು ಮಾಡಿತು. ಪರದೆಯಲ್ಲಿ ಸಿಸ್ಟರ್, ಅವರ ಹಿಂದೆ ಕಟ್ಟೆಯವರೆಲ್ಲ. ಊಟ ಆಯಿತೇ ಎಂದು ಕೇಳಿ, ಫೋನನ್ನು ಆಚೆ ತಿರುಗಿಸಿದರು.

"ನೋಡ್ರಿ ಟೀಚರ್, ನಿಮ್ಮ ಬಾಗಲಾ. ಸಂಜಿಗೆ ಅಲ್ಲಿ ಯಾರೂ ಕೂಡಂಗಿಲ್ಲ."

ಬೀಗ ಹಾಕಿದ ಬಾಗಿಲು, ಅದರ ಕೆಳಗೆ ಎರಡು ಖಾಲಿ ಮೆಟ್ಟಿಲು. ಅಷ್ಟರಲ್ಲಿ ಅಣ್ಣನ ಮಕ್ಕಳು ಕೂಗಾಡುತ್ತ ನನ್ನ ಮುಂದೆಯೇ ಹಾದುಹೋದರು. ಅತ್ತಿಗೆ ಯಾರದು ಫೋನು ಎಂದು ಒಳಗಿನಿಂದ ಗಟ್ಟಿಯಾಗಿ ಕೇಳಿದರು. ನಾನು ಹುಟ್ಟಿ ಬೆಳೆದ ಬೀದಿಯಲ್ಲಿ ದನಿ ಇಳಿಸಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಸ್ವಲ್ಪ ಸುಮ್ಮನಿರಿ ಎಂದು ಅವರಿಗೆ ಕೈಸನ್ನೆ ಮಾಡಿ, ನನ್ನ ಮೆಟ್ಟಿಲನ್ನು ಇನ್ನೊಮ್ಮೆ ತೋರಿಸಿ ಎಂದು ಸಿಸ್ಟರ್‌ಗೆ ಹೇಳಿದೆ.